ಏಜೆಂಟನಿಗೆ ಮಂಚಯ್ಯ ಬರೆದ ಹದಿನೆಂಟು ಪುಟ

ಕೊಣನೂರಿನ ಮಂಚಯ್ಯ ಮೂವತ್ತೊಂದು ವರ್ಷ ಅರಕಲಗೂಡು ತಾಲ್ಲೂಕು ಕಚೇರಿಯ ಮುಂದೆ ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆದ. ಖಾತೆ ಬದಲಾವಣೆ, ಪಡಿತರ ಚೀಟಿ, ಹೊಲದ ದಾರಿಯ ತಕರಾರು, ಪಕ್ಕದ ಮನೆಯವನ ತೆಂಗಿನ ಮರ ನಮ್ಮ ಹೆಂಚಿನ ಮೇಲೆ ಬಗ್ಗಿದೆ ಎಂಬ ದೂರು, ಯಾವ ಸಂಕಟವಾದರೂ ಅವನ ಕೈಗೆ ಬಿದ್ದರೆ ಮೂರು ಪುಟವಾಗುತ್ತಿತ್ತು. ಮುತ್ತು ಪೋಣಿಸಿದಂಥ ಅಕ್ಷರ. ಆದರೆ ಆ ಮೂರು ಪುಟವನ್ನು ಕೊನೆಯವರೆಗೆ ಓದಿದ ಅಧಿಕಾರಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಸಾಹೇಬರು ‘ವಿಷಯ’ ಎಂಬ ಸಾಲಿನ ಮೇಲೆ ಕಣ್ಣಾಡಿಸಿ, ಅಂಚಿನಲ್ಲಿ ‘ಪರಿಶೀಲಿಸಿ’ ಎಂದು ಗೀಚಿ ಕೆಳಗಿನ ಮೇಜಿಗೆ ತಳ್ಳುತ್ತಿದ್ದರು. ಕೆಳಗಿನ ಮೇಜಿನವರು ವಿಷಯವನ್ನೂ ಓದುತ್ತಿರಲಿಲ್ಲ. ಮಂಚಯ್ಯನಿಗೆ ಇದು ಹೊಟ್ಟೆ ಉರಿಯುವ ಸಂಗತಿ.

ಹೀಗಿರುವಾಗ, ಅವನ ಅರವತ್ತೆರಡನೇ ವಯಸ್ಸಿನಲ್ಲಿ, ಹಾಸನದ ಕೀರ್ತಿರಾಜ್ ಎಂಬವನು ಕಾರಿನಲ್ಲಿ ಬಂದು ಮೇಜಿನ ಮುಂದೆ ನಿಂತ. ಹಿಂದೊಮ್ಮೆ ಅವನ ತಾತನಿಗೆ ಮಂಚಯ್ಯ ಬರೆದುಕೊಟ್ಟ ಅರ್ಜಿಯ ನಕಲು ಅವನ ಕೈಯಲ್ಲಿತ್ತು.

“ಮಂಚಯ್ಯನೋರೆ, ಇಂಥ ಕನ್ನಡ ನಮಗೆ ಬೇಕು. ಹದಿನೆಂಟು ಪುಟ ಬರೆದುಕೊಡಿ.”

“ಓದೋರು ಯಾರು ಸಾ?”

“ಓದೋದು ಮನುಷ್ಯ ಅಲ್ಲ. ಏಜೆಂಟು. ಕಂಪ್ಯೂಟರಿನ ಒಳಗಿರೋ ಬುದ್ಧಿ. ಅಕ್ಷರ ಅಕ್ಷರಾನೂ ಓದುತ್ತೆ, ಮರೆಯಲ್ಲ, ಬರೆದ ಹಾಗೇ ಮಾಡುತ್ತೆ.”

ಅಕ್ಷರ ಅಕ್ಷರವನ್ನೂ ಓದುತ್ತದೆ ಎಂದ ಮೇಲೆ ಮಂಚಯ್ಯನಿಗೆ ಮಿಕ್ಕಿದ್ದು ಕೇಳಿಸಲೇ ಇಲ್ಲ. ಓದುವುದು ಮನುಷ್ಯನೋ, ದೆವ್ವವೋ, ಇನ್ನೊಂದೋ, ಅವನಿಗೇನು? ಮಾರನೆಯ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹಾಸನದ ಬಸ್ಸು ಹತ್ತಿದ.

ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಕಳಿಸಿಕೊಡುವ ಕೀರ್ತಿರಾಜನ ಆಫೀಸು ಒಂದು ಟೈರ್ ಅಂಗಡಿಯ ಮಹಡಿಯ ಮೇಲಿತ್ತು. ಅಲ್ಲಿ ಚನ್ನರಾಯಪಟ್ಟಣದ ನಿಧಿ ಎಂಬ ಎಂಜಿನಿಯರ್ ಹುಡುಗಿ ಅವನಿಗೆ ಕೆಲಸ ವಿವರಿಸಿದಳು. ನಾವು ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು, ಇಲಾಖೆಯ ಪುಟಕ್ಕೆ ಹೋಗಿ, ಅರ್ಜಿ ತುಂಬಿ ಕಳಿಸುತ್ತೇವಲ್ಲ, ಅದನ್ನು ಏಜೆಂಟು ತಾನೇ ಮಾಡಬೇಕು. ಅದಕ್ಕೆ ಹದಿನೆಂಟು ಟೂಲುಗಳಿವೆ, ಒಂದೊಂದು ಕೆಲಸಕ್ಕೆ ಒಂದೊಂದು. ಒಂದು ಪುಟ ತೆರೆಯಲು, ಒಂದು ಗುಂಡಿ ಒತ್ತಲು, ಒಂದು ಅಕ್ಷರ ತುಂಬಲು, ಒಂದು ಸುಮ್ಮನೆ ಕಾಯಲು. ಒಂದೊಂದನ್ನೂ ಯಾವಾಗ ಬಳಸಬೇಕು, ಹೇಗೆ ಬಳಸಬೇಕು ಎಂದು ಒಂದೊಂದು ಪುಟ ಬರೆದಿಟ್ಟರೆ, ಏಜೆಂಟು ಕೆಲಸಕ್ಕೆ ಮೊದಲು ಅದನ್ನು ಓದಿಕೊಳ್ಳುತ್ತದೆ. ಮೊದಲು ಇಬ್ಬರು ಪದವೀಧರರು ಬರೆದಿದ್ದರು. ಅವರ ಕನ್ನಡ ಓದಿದ ಏಜೆಂಟು, ಗೊತ್ತಿದ್ದ ಕೆಲಸವನ್ನೂ ಮರೆತು ಕೂತಿತ್ತು.

ಮಂಚಯ್ಯನಿಗೆ ಬ್ರೌಸರ್ ಗೊತ್ತಿರಲಿಲ್ಲ, ಕಚೇರಿ ಗೊತ್ತಿತ್ತು. ಮೂರು ದಿನ ನಿಧಿಯ ಪಕ್ಕ ಕೂತು ನೋಡಿದ. ಇಲಾಖೆಯ ಪುಟ ತೆರೆಯಲು ಸತಾಯಿಸುತ್ತದೆ, ತುಂಬಿದ್ದನ್ನು ನುಂಗುತ್ತದೆ, ಕಾರಣ ಹೇಳದೆ ವಾಪಸು ಕಳಿಸುತ್ತದೆ. ಮೂರನೆಯ ದಿನ ಅವನಿಗೆ ಎಲ್ಲ ಬೆಳಕಾಯಿತು.

“ಇದೂ ತಾಲ್ಲೂಕು ಕಚೇರೀನೇ ಕಣವ್ವ. ಗೋಡೆ ಇಲ್ಲ ಅಷ್ಟೆಯಾ,” ಎಂದು ಪೆನ್ನಿನ ಮುಚ್ಚಳ ತೆಗೆದ.

ಮೊದಲ ಪುಟ ಹೀಗೆ ಶುರುವಾಯಿತು: ‘ಮಾನ್ಯ ಏಜೆಂಟರ ಸನ್ನಿಧಾನಕ್ಕೆ. ವಿಷಯ: ಪುಟ ತೆರೆಯುವ ಬಗ್ಗೆ.’ ಕೊನೆಗೆ ‘ತಮ್ಮ ವಿಶ್ವಾಸಿ, ಮಂಚಯ್ಯ’. ಅದರ ಕೆಳಗೆ ಅರ್ಜಿ ಬರೆಯುವವರ ಹಳೆಯ ಎಚ್ಚರಿಕೆಯಂತೆ ಇನ್ನೊಂದು ಸಾಲು: ‘ಬರಹಗಾರನ ಸಹಿಯಿಲ್ಲದ ತಿದ್ದುಪಡಿಯನ್ನು ಮಾನ್ಯ ಮಾಡತಕ್ಕದ್ದಲ್ಲ.’ ನಿಧಿ ನಕ್ಕು, ಇದ್ದರಿರಲಿ ಎಂದು ಅದನ್ನೂ ಸೇರಿಸಿ ಟೈಪ್ ಮಾಡಿದಳು.

ಏಜೆಂಟು ಓದಿತು. ಓದಿ, ‘ಮಾನ್ಯರೇ, ತಮ್ಮ ಪತ್ರ ತಲುಪಿತು. ಪುಟ ತೆರೆಯಲು ಸಿದ್ಧನಿದ್ದೇನೆ’ ಎಂದು ಉತ್ತರ ಬರೆಯಿತು. ಮೂವತ್ತೊಂದು ವರ್ಷದಲ್ಲಿ ಮಂಚಯ್ಯನಿಗೆ ಬಂದ ಮೊದಲ ಉತ್ತರ ಅದು. ಅವನು ಎದ್ದು ಹೊರಗೆ ಹೋಗಿ, ಟೈರ್ ಅಂಗಡಿಯ ಮುಂದೆ ನಿಂತು ಕಣ್ಣೊರೆಸಿಕೊಂಡು ಬಂದ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಕಾಯುವ ಟೂಲಿನ ಪುಟದಲ್ಲಿ, ಇಲಾಖೆಯ ಪುಟ ಬಾರದಿದ್ದರೆ ಮೇಲೆ ಬೀಳಬಾರದು, ಅತ್ತ ಕಡೆಯವರು ಊಟಕ್ಕೆ ಎದ್ದಿರಬಹುದು ಎಂದು ಬರೆದ. ಏಜೆಂಟು ಅಂದಿನಿಂದ ಒಂದೂವರೆಯಿಂದ ಎರಡೂವರೆಯವರೆಗೆ ಯಾವ ಪುಟವನ್ನೂ ಮುಟ್ಟಲಿಲ್ಲ. ಪರದೆಯ ಚಿತ್ರ ತೆಗೆದು ನೋಡುವ ಟೂಲಿಗೆ, ಸಾಹೇಬರ ಮುಖ ನೋಡದೆ ಅರ್ಜಿ ಕೊಟ್ಟವನು ಉದ್ಧಾರವಾಗುವುದಿಲ್ಲ, ಮುಖ ಗಂಟಿಕ್ಕಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಬಾ ಎಂದ. ಒಂದು ಪುಟದ ಮೇಲೆ ಕೆಂಪು ಪಟ್ಟಿ ಕಂಡ ಏಜೆಂಟು, ‘ಸಾಹೇಬರ ಮನಸ್ಸು ಸರಿಯಿಲ್ಲ’ ಎಂದು ವರದಿ ಬರೆದು ಹಿಂದಕ್ಕೆ ಬಂತು. ಸಂಜೆ ಹೋದಾಗ ಕೆಂಪು ಪಟ್ಟಿ ಇರಲಿಲ್ಲ, ಅರ್ಜಿ ಒಂದೇ ಏಟಿಗೆ ಹೋಯಿತು. ನಂಬುವಿರೋ ಬಿಡುವಿರೋ, ತಿಂಗಳ ಕೊನೆಗೆ ಲೆಕ್ಕ ತೆಗೆದಾಗ ಅದೇ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಟ ಓದುವ ಇನ್ನೊಂದು ಏಜೆಂಟಿಗಿಂತ ಮಂಚಯ್ಯನ ಪುಟ ಓದುವ ಏಜೆಂಟೇ ಹೆಚ್ಚು ಅರ್ಜಿ ದಾಟಿಸಿತ್ತು. ಕೀರ್ತಿರಾಜ್ ಹಿಗ್ಗಿ ಹೀರೇಕಾಯಿಯಾದ.

ಹದಿನಾಲ್ಕನೆಯ ಪುಟಕ್ಕೆ ಬಂದಾಗ ನಿಧಿ ಹೇಳಿದಳು: “ಅಂಕಲ್, ಕೆಲವು ಸಲ ಒಂದು ಪುಟ್ಟ ಚೌಕ ಎದ್ದು ಬರುತ್ತೆ. ಇದು ನಿಮಗೆ ಬೇಕಾ, ಖಚಿತವೇ ಅಂತ ಕೇಳುತ್ತೆ. ಹೌದು, ಬೇಡ ಅಂತ ಎರಡು ಗುಂಡಿ. ಅದಕ್ಕೆ ಉತ್ತರ ಕೊಡೋ ಟೂಲು ಇದು.”

“ಅಷ್ಟೇ ತಾನೆ? ಇದುನ್ನ ಮಕ್ಕಳಿಗೂ ಯೋಳ್ಕೊಟ್ಟಿರ್ತೀವಿ,” ಎಂದ ಮಂಚಯ್ಯ, ಒಂದೇ ಉಸಿರಿಗೆ ಬರೆದ. ಯಾರಾದರೂ ಬೇಕಾ ಎಂದು ಕೇಳಿದರೆ ಮೊದಲ ಸಲ ಬೇಡ ಎನ್ನತಕ್ಕದ್ದು. ಎರಡನೆಯ ಸಲ ಕೇಳಿದರೂ ಬೇಡ ಎನ್ನತಕ್ಕದ್ದು. ಮೂರನೆಯ ಸಲ ಕೇಳಿದರೆ, ತಾವು ಇಷ್ಟು ಬಲವಂತ ಮಾಡಿದ ಮೇಲೆ ಎಂದು ಒಪ್ಪತಕ್ಕದ್ದು.

ತಮಾಷೆಗೆ ಬರೆದದ್ದಲ್ಲ. ನೆಂಟರ ಮನೆಯಲ್ಲಿ ಕಾಫಿ ಬೇಕಾ ಎಂದಾಕ್ಷಣ ಹೂಂ ಎನ್ನುವವರನ್ನು ನಮ್ಮ ಕಡೆ ಏನೆನ್ನುತ್ತಾರೆ ಎಂದು ಎಲ್ಲರಿಗೂ ಗೊತ್ತು. ಮಂಚಯ್ಯನಿಗೆ ಅದರ ಹಿಂದೆ ಇನ್ನೂ ಒಂದು ಗುಟ್ಟು ಗೊತ್ತಿತ್ತು. ಅವನ ಚಿಕ್ಕಂದಿನಲ್ಲಿ ಕೆಲವು ಮನೆಗಳವರು ಬಾಯಿಮಾತಿಗೆ ಒಂದು ಸಲ ಕೇಳಿ ಸುಮ್ಮನಾಗುತ್ತಿದ್ದರು, ಯಾಕೆಂದರೆ ಮಂಚಯ್ಯನಂಥವರು ಕುಡಿದ ಲೋಟವನ್ನು ಆಮೇಲೆ ಏನು ಮಾಡುವುದೆಂಬ ಚಿಂತೆ ಅವರಿಗೆ. ಎರಡು ಸಲ ಬೇಡ ಎಂದರೆ, ಕೇಳಿದವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುತ್ತದೆ. ಮೂರನೆಯ ಸಲ ಕೇಳಿದ ಮನೆಯ ಕಾಫಿಯನ್ನು ಮಾತ್ರ ಅವನು ಬಾಳಿನಲ್ಲಿ ಕುಡಿದಿದ್ದ.

ನಿಧಿ ಓದಿ ಅನುಮಾನಪಟ್ಟಳು. ಆದರೆ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗಿ ನಡೆಯಿತು. ಚೌಕ ಎದ್ದಾಗ ಏಜೆಂಟು ಬೇಡ ಎನ್ನುತ್ತಿತ್ತು, ಪುಟ ಅರ್ಜಿಗೆ ವಾಪಸು ಬರುತ್ತಿತ್ತು, ಏಜೆಂಟು ಇನ್ನೊಮ್ಮೆ ಎಲ್ಲ ಓದಿ ಕಳಿಸುತ್ತಿತ್ತು, ಪುನಃ ಬೇಡ ಎನ್ನುತ್ತಿತ್ತು, ಮೂರನೆಯ ಸಲಕ್ಕೆ ಹೌದು. ಈ ನಡುವೆ ಎರಡು ಸಲ ಓದಿದ್ದರಿಂದ ತಪ್ಪುಗಳೂ ಸಿಕ್ಕುತ್ತಿದ್ದವು. ಕೀರ್ತಿರಾಜ್ ಆ ಪುಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ.

ಮಂಚಯ್ಯನ ಮಗಳು ರಂಜಿನಿ ಸರ್ಕಾರಿ ಆಸ್ಪತ್ರೆಯ ನರ್ಸು. ಒಂಬತ್ತು ವರ್ಷದಿಂದ ಬೀದರಿನ ಕಡೆಯ ಒಂದು ಗಡಿ ಊರಿನಲ್ಲಿ ಕೆಲಸ. ಗಂಡ ಶಿವರಾಜು ಕೊಣನೂರಿನ ಹಾಲಿನ ಸೊಸೈಟಿಯಲ್ಲಿ. ಐದು ವರ್ಷದ ಮಗಳು ಅಜ್ಜಿ, ಮಂಚಯ್ಯನ ಹೆಂಡತಿ ಮಲ್ಲಿಗಮ್ಮನ ಹತ್ತಿರ ಬೆಳೆಯುತ್ತಿದ್ದಳು. ತಾಯಿ ವರ್ಷಕ್ಕೆ ನಾಲ್ಕು ಸಲ ಬರುತ್ತಿದ್ದಳು, ಬಂದ ಮೊದಲ ದಿನ ಮಗು ಅವಳ ಹತ್ತಿರ ಹೋಗದೆ ಬಾಗಿಲ ಹಿಂದೆ ನಿಲ್ಲುತ್ತಿತ್ತು. ಈ ವರ್ಷ ಅವಳಿಗೆ ವರ್ಗಾವಣೆಯ ಸರದಿ ಬಂತು. ಮೂರು ಊರಿನ ಹೆಸರು ಕೊಡಬೇಕು. ಮೊದಲನೆಯದು ಕೊಣನೂರು, ಎರಡನೆಯದು ಹಳ್ಳಿಮೈಸೂರು. ಮೂರನೆಯ ಖಾನೆ ಖಾಲಿ ಬಿಡುವಂತಿರಲಿಲ್ಲ, ಅಲ್ಲಿಯವರೆಗೆ ಯಾಕೆ ಹೋದೀತು ಎಂದು ಈಗಿರುವುದಕ್ಕಿಂತ ಇನ್ನೂ ಒಳಗಿನ ಒಂದು ಊರನ್ನು ತುಂಬಿದ್ದಳು. ಸರದಿ ಬಂದಾಗ ಒಂದೊಂದೇ ಊರು ಪುಟದ ಮೇಲೆ ಬರುತ್ತದೆ. ಬೇಡವೆಂದರೆ ಆ ಊರು ಸರದಿಯಲ್ಲಿ ಹಿಂದೆ ನಿಂತವರ ಪಾಲು, ಹತ್ತು ನಿಮಿಷದ ಮೇಲೆ ಮುಂದಿನ ಊರು. ಸರದಿ ಎರಡು ದಿನದಲ್ಲಿ ಯಾವ ಹೊತ್ತಿಗಾದರೂ ಬರಬಹುದು, ಆ ಎರಡು ದಿನವೂ ರಂಜಿನಿಗೆ ಹೆರಿಗೆ ವಾರ್ಡಿನ ಡ್ಯೂಟಿ.

“ನಮ್ಮ ಏಜೆಂಟು ಅವ್ನೆ,” ಎಂದ ಮಂಚಯ್ಯ. “ಕಣ್ಣು ಮಿಟುಕಿಸದೆ ಕಾಯ್ತಾನೆ.”

ಮಲ್ಲಿಗಮ್ಮನಿಗೆ ಇದು ಸರಿಬರಲಿಲ್ಲ. “ಇಕಾ, ಮಗೀನ ತಾಯಿನ ಮಿಷಿನ್ ಕೈಗೆ ಕೊಡ್ತೀಯಾ?”

“ಮಿಷಿನ್ ಅಲ್ಲ ಕಣೆ. ನಾನು ಬರ್ದಿದ್ದ ಹದಿನೆಂಟು ಪುಟಾನೂ ಓದವ್ನೆ. ನೀನು ಒಂದು ಪುಟ ಓದಿದ್ದೀಯಾ?”

ಹೆಂಡತಿ ಓದಿರಲಿಲ್ಲ. ಅವಳ ವಾದ ಅಲ್ಲಿಗೆ ಬಿದ್ದುಹೋಯಿತು.

ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುನ್ನ ರಂಜಿನಿ, ಪುಟ ತೆರೆಯಲು ಬೇಕೆಂದು ತನ್ನ ಫೋನಿಗೆ ಬಂದ ಅಂಕಿಗಳನ್ನು ನಿಧಿಗೆ ಹೇಳಿದಳು. ಪುಟ ತೆರೆಯಿತು, ಏಜೆಂಟು ಕಾವಲು ಕೂತಿತು. ಮಂಚಯ್ಯ ಹೊಸ ಅಂಗಿ ತೊಟ್ಟು ಪರದೆಯ ಮುಂದೆ ಕೂತ. ಕೀರ್ತಿರಾಜ್ ಎಲ್ಲರಿಗೂ ಮಸಾಲೆ ದೋಸೆ ತರಿಸಿದ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಪರದೆಯ ಮೇಲೆ ಒಂದು ಚೌಕ ಎದ್ದಿತು. ‘ಕೊಣನೂರು. ಒಪ್ಪುವಿರಾ? ಹೌದು. ಬೇಡ.’

“ಬಂತು! ಬಂತು ಕಣವ್ವ!” ಮಂಚಯ್ಯ ಎದ್ದು ನಿಂತ.

ಏಜೆಂಟು ಬಹಳ ವಿನಯದಿಂದ ‘ಬೇಡ’ ಒತ್ತಿತು.

ಕೊಣನೂರು ಪುಟದಿಂದ ಮಾಯವಾಯಿತು. ‘ಮುಂದಿನ ಸ್ಥಳ ಹತ್ತು ನಿಮಿಷದಲ್ಲಿ’ ಎಂಬ ಸಾಲು ಬಂತು. ಅದರ ಪಕ್ಕದ ವರದಿಯಲ್ಲಿ ಏಜೆಂಟು ಬರೆಯಿತು: ‘ಮಾನ್ಯರೇ, ಹದಿನಾಲ್ಕನೆಯ ಪುಟದಂತೆ ಮೊದಲ ಬಾರಿಗೆ ನಿರಾಕರಿಸಲಾಗಿದೆ. ಇನ್ನು ಒಂದು ನಿರಾಕರಣೆ ಬಾಕಿ.’

ಮಂಚಯ್ಯ ಗೋಡೆಯ ಮೇಲಿನ ಹದಿನಾಲ್ಕನೆಯ ಪುಟ ನೋಡಿದ. ಇನ್ನೊಂದು ಬೇಡ ಎಂದರೆ ಹಳ್ಳಿಮೈಸೂರೂ ಹೋಯಿತು. ಆಮೇಲೆ ಮೂರನೆಯ ಊರನ್ನು ಅದು ಸಂತೋಷದಿಂದ ಒಪ್ಪಿಕೊಳ್ಳುತ್ತದೆ, ಬಲವಂತ ಮಾಡಿದ್ದಕ್ಕೆ ಕೃತಜ್ಞತೆಯನ್ನೂ ಹೇಳುತ್ತದೆ.

“ನಿಲ್ಸಿ ಅದುನ್ನ! ನೀನೇ ಒತ್ತವ್ವ!”

“ನಿಲ್ಲಿಸಿದ್ರೆ ಪುಟಾನೂ ಮುಚ್ಚುತ್ತೆ ಅಂಕಲ್. ಮತ್ತೆ ತೆರೆಯೋಕೆ ರಂಜಿನಿ ಅವರ ಫೋನಿಗೆ ಬರೋ ನಂಬರ್ ಬೇಕು.”

ರಂಜಿನಿಗೆ ಫೋನು ಮಾಡಿದರು. ಬಡಿದುಕೊಂಡೇ ಇತ್ತು. ಅವಳು ಆ ಹೊತ್ತಿಗೆ ಯಾರದೋ ಮಗುವನ್ನು ಭೂಮಿಗೆ ತರುತ್ತಿದ್ದಳು. ಉಳಿದದ್ದು ಒಂದೇ ದಾರಿ, ಹದಿನಾಲ್ಕನೆಯ ಪುಟವನ್ನು ತಿದ್ದುವುದು. ನಿಧಿ ಗಡಿಬಿಡಿಯಲ್ಲಿ ‘ದೃಢೀಕರಣ ಸಂವಾದದಲ್ಲಿ ಪ್ರಥಮ ನಿದರ್ಶನದಲ್ಲಿಯೇ ಧನಾತ್ಮಕ ಆಯ್ಕೆಯನ್ನು ಕಾರ್ಯಗತಗೊಳಿಸಿ’ ಎಂದು ಬರೆದು ಕಳಿಸಿದಳು. ಏಜೆಂಟು ಉತ್ತರಿಸಿತು: ‘ಮಾನ್ಯರೇ, ಈ ತಿದ್ದುಪಡಿಯಲ್ಲಿ ಬರಹಗಾರರ ಸಹಿ ಕಂಡುಬರುವುದಿಲ್ಲ. ಭಾಷೆಯೂ ಅವರದಲ್ಲ.’

“ನೀವೇ ಹೇಳಿ ಅಂಕಲ್, ನಾನು ಟೈಪ್ ಮಾಡ್ತೀನಿ. ಏಳು ನಿಮಿಷ ಇದೆ.”

“ಮಾನ್ಯ ಏಜೆಂಟರ ಸನ್ನಿಧಾನಕ್ಕೆ,” ಎಂದು ಶುರುಮಾಡಿದ ಮಂಚಯ್ಯ. “ವಿಷಯ, ತಾವು ಈ ಹಿಂದೆ...”

“ಮಂಚಯ್ಯನೋರೆ!” ಕೀರ್ತಿರಾಜ್ ಕೂಗಿದ. “ಒಂದು ಸಾಲು! ಒಂದೇ ಸಾಲು!”

ಮಂಚಯ್ಯನಿಗೆ ಒಂದೇ ಸಾಲು ಬರೆದು ಅಭ್ಯಾಸವಿರಲಿಲ್ಲ. ಮೊದಲ ಸಲ ಕೇಳಿದಾಗಲೇ ಹೂಂ ಅನ್ನು ಎಂದು ಇನ್ನೊಬ್ಬರಿಗೆ ಹೇಗೆ ಹೇಳುವುದು? ಅವನು ತಲೆ ತಗ್ಗಿಸಿಕೊಂಡು, ಯಾರಿಗೂ ಹೇಳದಿದ್ದ ಒಂದು ಮಾತನ್ನು ಟೈರ್ ಅಂಗಡಿಯ ಮಹಡಿಯಲ್ಲಿ ಹೇಳಿದ.

“ಇಪ್ಪತ್ತೈದು ವರ್ಷದ ಮಾತು. ಹೊರರಾಜ್ಯದೋರು ಒಬ್ರು ಸಾಹೇಬ್ರು ಬಂದಿದ್ರು. ನನ್ನ ಅಕ್ಷರ ನೋಡಿ, ಒಳಗೆ ಬಂದು ಕೂತ್ಕೊ ಮಂಚಯ್ಯ, ಗುಮಾಸ್ತೆ ಕೆಲಸ ಕೊಡುಸ್ತೀನಿ ಅಂದ್ರು. ನಾನು ಬ್ಯಾಡ ಬುಡಿ ಸಾ ಅಂದೆ. ಇನ್ನೊಂದು ಸಲ ಕೇಳ್ತಾರೆ ಅಂತ ಬಾಗ್ಲಲ್ಲೇ ನಿಂತಿದ್ದೆ. ಅವ್ರು ಸರಿ ಅಂದು ಬೇರೆ ಯಾರ್ಗೋ ಕೊಟ್ಬುಟ್ರು. ನಮ್ಮವಳಿಗೆ ಇವತ್ತಿಗೂ ಯೋಳಿಲ್ಲ.”

ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಮಂಚಯ್ಯ ತಲೆಯೆತ್ತಿದ.

“ಬರ್ಕೊ. ಕೇಳಿದ ತಕ್ಷಣ ಹೂಂ ಅನ್ನು. ನಾಚ್ಕೋಬ್ಯಾಡ. ಎರಡನೇ ಸಲ ಯಾರೂ ಕೇಳಲ್ಲ. ಸಹಿ, ಮಂಚಯ್ಯ.”

ಅವನ ಬಾಯಿಂದ ಬಂದಂತೆಯೇ ನಿಧಿ ಟೈಪ್ ಮಾಡಿ ಕಳಿಸಿದಳು. ಏಜೆಂಟು ಓದಿತು. ಓದಿ, ಇಷ್ಟು ದೊಡ್ಡ ಬದಲಾವಣೆಯಾದ್ದರಿಂದ ಒಂದು ಚೌಕವನ್ನು ಅವರ ಮುಂದೆಯೇ ಎಬ್ಬಿಸಿತು: ‘ಮಾನ್ಯ ಮಂಚಯ್ಯನವರೇ, ಹಿಂದಿನ ಪದ್ಧತಿಯನ್ನು ಕೈಬಿಡುವುದು ತಮಗೆ ಖಚಿತವೇ? ಹೌದು. ಬೇಡ.’

“ಏನೊತ್ತಲಿ ಅಂಕಲ್?”

“ಅಯ್ಯೋ, ಅದುಕ್ಕೆ ಯಾಕೆ ತೊಂದ್ರೆ, ಬ್ಯಾಡ ಬುಡು,” ಎಂದುಬಿಟ್ಟ ಮಂಚಯ್ಯ.

ಅರವತ್ತೆರಡು ವರ್ಷದ ಅಭ್ಯಾಸ, ನಾಲಿಗೆಯ ತುದಿಯಲ್ಲೇ ಇತ್ತು. ನಿಧಿಯ ಬೆರಳು ‘ಬೇಡ’ದ ಮೇಲೆ ಹೋಗಿ ತಡೆಯಿತು. ಕೀರ್ತಿರಾಜ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಮಂಚಯ್ಯ ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡ, ಆಮೇಲೆ ಕೈ ತೆಗೆದು ಕಿರುಚಿದ: “ಹೌದು! ಹೌದು ಕಣವ್ವ! ನಂಗೆ ಬೇಕು! ಒತ್ತು!”

ಕೆಳಗಿನ ಅಂಗಡಿಯವನು ಟೈರ್ ಬಿಟ್ಟು ಮಹಡಿಯ ಕಡೆ ನೋಡಿದನಂತೆ.

ಹನ್ನೊಂದು ಮೂವತ್ತಕ್ಕೆ ‘ಹಳ್ಳಿಮೈಸೂರು’ ಎದ್ದಿತು. ಏಜೆಂಟು ಅದನ್ನು ಎಷ್ಟು ಬೇಗ ಒಪ್ಪಿಕೊಂಡಿತೆಂದರೆ ಮಂಚಯ್ಯನಿಗೆ ಹೆಸರು ಓದಲೂ ಆಗಲಿಲ್ಲ. ನಿಧಿ ಓದಿ ಹೇಳಿದಳು. ಕೀರ್ತಿರಾಜ್ ಗೋಡೆಯಿಂದ ಹದಿನಾಲ್ಕನೆಯ ಪುಟವನ್ನು ಕಿತ್ತು ಮಡಚಿ ಡ್ರಾಯರಿಗೆ ಹಾಕಿದ.

ಮಂಚಯ್ಯ ಮಧ್ಯಾಹ್ನದ ಬಸ್ಸು ಹಿಡಿದು ಊರಿಗೆ ಬಂದ. ಬಸ್ಸಿನಲ್ಲಿ ಮೂರು ಪುಟದಷ್ಟು ಸಮಜಾಯಿಷಿ ಮನಸ್ಸಿನಲ್ಲೇ ಬರೆದ, ಅಳಿಸಿದ. ಕೊಣನೂರು ಪುಟದ ಮೇಲೆ ಬರಲೇ ಇಲ್ಲ ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನು ಹೊರಡುವಾಗ ನಿಧಿ ಮೆಲ್ಲಗೆ ಹೇಳಿದ್ದಳು. ಒಳ್ಳೆಯ ಹುಡುಗಿ. ಸಂಜೆ ಡ್ಯೂಟಿ ಮುಗಿಸಿ ರಂಜಿನಿ ಫೋನು ಮಾಡಿದಾಗ ಮಲ್ಲಿಗಮ್ಮ ಸ್ಪೀಕರ್ ಹಾಕಿಸಿ ಪಕ್ಕದಲ್ಲಿ ಕೂತಳು, ತೊಡೆಯ ಮೇಲೆ ಮಗು.

“ಅಪ್ಪ, ಮೆಸೇಜ್ ಬಂತು. ಹಳ್ಳಿಮೈಸೂರು ಅಂತ. ಕೊಣನೂರು ಬರ್ಲೇ ಇಲ್ವಾ?”

“ಬಂದಿತ್ತು ಕಣವ್ವ,” ಎಂದ ಮಂಚಯ್ಯ. “ಏಜೆಂಟು ಬ್ಯಾಡ ಅಂದ್ಬುಡ್ತು. ಅದ್ರ ತಪ್ಪಲ್ಲ. ಅಂಗೆ ಬರ್ದಿದ್ದೋನು ನಾನು.”

ಮಲ್ಲಿಗಮ್ಮ ಗಂಡನ ಮುಖ ನೋಡಿದಳು. ಫೋನಿನ ಆ ಕಡೆ ವಾರ್ಡಿನಲ್ಲಿ ಎಲ್ಲೋ ಒಂದು ಎಳೆ ಮಗು ಅಳುವುದು, ತಟ್ಟೆ ಬಿದ್ದ ಸದ್ದು ಕೇಳಿತು. ಮಂಚಯ್ಯ ಕಾದ. ಕಾಯುವುದರ ಬಗ್ಗೆ ಒಂದು ಇಡೀ ಪುಟ ಬರೆದಿದ್ದವನಿಗೆ ಅದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

“ಹಳ್ಳಿಮೈಸೂರಿಂದ ನಮ್ಮೂರ್ ಕಡೆಗೆ ಕೊನೇ ಬಸ್ಸು ಎಷ್ಟೊತ್ತಿಗಪ್ಪ?” ಎಂದಳು ರಂಜಿನಿ.

ಮಂಚಯ್ಯನಿಗೆ ಗೊತ್ತಿರಲಿಲ್ಲ. ಅವನು ಚಪ್ಪಲಿ ಮೆಟ್ಟಿ, ಫೋನು ಕೈಯಲ್ಲಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಓಡಿದ. ಆಗತಾನೇ ಬಂದು ನಿಂತ ಬಸ್ಸಿನ ಕಂಡಕ್ಟರನನ್ನು ಹಿಡಿದು ಕೇಳಿ, ಏದುಸಿರು ಬಿಡುತ್ತ ಹೇಳಿದ: “ಆರೂ ಮುಕ್ಕಾಲಿಗೆ ಕಣವ್ವ. ಒಂದು ಕಡೆ ಬಸ್ಸು ಬದಲಾಯಿಸ್ಬೇಕಂತೆ. ಎಂಟುಕ್ಕೆಲ್ಲ ಇಲ್ಲಿಗೆ ಬತ್ತದಂತೆ.”

“ಎಂಟು ಗಂಟೆಗಾ?” ಎಂದಳು ರಂಜಿನಿ. “ಹಂಗಾದ್ರೆ ಅವ್ವಂಗೆ ಹೇಳಪ್ಪ. ಮಗೀಗೆ ಮೊದ್ಲೇ ಉಣ್ಣಿಸ್ಬುಡಬ್ಯಾಡ, ದಿನಾ ನಾನೇ ಬಂದು ಉಣ್ಣುಸ್ತೀನಿ ಅಂತ.”